ಪ್ರಥಮ ಚಿಕಿತ್ಸೆ ತರಬೇತಿಗೆ ಮೊದಲ ಸಲ ಹೋಗುವವರಿಗೆ: ಆ ದಿನ ಏನೇನು ಇರುತ್ತದೆ

"ನನಗೆ ರಕ್ತ ನೋಡಿದರೆ ತಲೆ ಸುತ್ತುತ್ತೆ, ನಾನು ಸೇರಬಹುದಾ?" ಪ್ರಥಮ ಚಿಕಿತ್ಸೆ ತರಬೇತಿಯ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ಖಂಡಿತ ಸೇರಬಹುದು. ಅಲ್ಲಿ ನಿಜವಾದ ರಕ್ತ ಇರುವುದಿಲ್ಲ, ಸೂಜಿ ಇರುವುದಿಲ್ಲ. ವಿಜ್ಞಾನ ಓದಿರಬೇಕು ಎಂಬ ನಿಯಮವೂ ಇಲ್ಲ. ಒಂದು ಹಾಲ್, ನೆಲಕ್ಕೆ ಹಾಸಿದ ಮ್ಯಾಟ್, ಎದೆಯವರೆಗೆ ಮಾತ್ರ ಇರುವ ಬೊಂಬೆಗಳು, ಬ್ಯಾಂಡೇಜ್ ಬಟ್ಟೆಯ ರಾಶಿ, ನಿಮ್ಮಷ್ಟೇ ಅಳುಕಿನಿಂದ ಬಂದ ಹತ್ತಿಪ್ಪತ್ತು ಜನ. ಅಷ್ಟೇ.

ಸೇರುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಇರಲಿ. ಇದು ಕೈಯಿಂದ ಕಲಿಯುವ ವಿದ್ಯೆ. ಪುಸ್ತಕ ಓದಿ ರೊಟ್ಟಿ ತಟ್ಟಲು ಬರುವುದಿಲ್ಲ ಅಲ್ವಾ, ಹಾಗೇ ವಿಡಿಯೊ ನೋಡಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವುದು) ಮಾಡಲು ಬರುವುದಿಲ್ಲ. ಎದುರಿಗೆ ಒಬ್ಬರು ಕುಸಿದು ಬಿದ್ದಾಗ ಓದಿದ್ದು ನೆನಪಿಗೆ ಬರುವುದು ಕಷ್ಟ. ಕೈಗೆ ಅಭ್ಯಾಸ ಆಗಿದ್ದರೆ ಅದು ತಾನಾಗಿ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಯಾವ ತರಬೇತಿಗೆ ಸೇರಬೇಕು, ಅಲ್ಲಿ ಹೇಗೆ ಇರಬೇಕು ಎನ್ನುವುದನ್ನೆಲ್ಲ ಒಂದೇ ಅಳತೆಯಿಂದ ನೋಡಿ: ನನ್ನ ಕೈಗೆ ಎಷ್ಟು ಅಭ್ಯಾಸ ಸಿಗುತ್ತದೆ?

ಹೆಜ್ಜೆ 1: ತರಬೇತಿ ಹುಡುಕುವುದು

ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರುಗಳು ಎರಡು. ಒಂದು ಸೇಂಟ್ ಜಾನ್ ಆಂಬ್ಯುಲೆನ್ಸ್. ಇನ್ನೊಂದು ಭಾರತೀಯ ರೆಡ್ ಕ್ರಾಸ್ ಸಂಸ್ಥೆ. ರೆಡ್ ಕ್ರಾಸ್‌ನ ರಾಜ್ಯ ಶಾಖೆ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿದೆ, ಜಿಲ್ಲೆಗಳಲ್ಲೂ ಶಾಖೆಗಳಿವೆ. ಬಸ್ ಕಂಡಕ್ಟರ್ ಲೈಸೆನ್ಸ್‌ಗೆ ಅರ್ಜಿ ಹಾಕುವವರು ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ಕಾರ್ಖಾನೆಗಳಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಜವಾಬ್ದಾರಿ ಹೊತ್ತವರಿಗೆ ಸರ್ಟಿಫಿಕೇಟ್ ಇರಬೇಕು ಎನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದ ಬಂದದ್ದು. ಹಾಗಾಗಿ ನಿಮ್ಮ ಬ್ಯಾಚಿನಲ್ಲಿ ಕೆಲಸಕ್ಕಾಗಿ ಬಂದವರು ಜಾಸ್ತಿ ಇರಬಹುದು. ಸುಮ್ನೆ ಕಲಿಯೋಣ ಎಂದು ಬಂದವರು ನೀವೊಬ್ಬರೇ ಆದರೂ ಸಂಕೋಚ ಬೇಡ.

ಇವೆರಡರ ಜೊತೆಗೆ ದೊಡ್ಡ ಆಸ್ಪತ್ರೆಗಳೂ ತರಬೇತಿ ನಡೆಸುತ್ತವೆ. ಕೆಲವು ಕಡೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಕೋರ್ಸ್‌ಗಳಿವೆ. ಅದರಲ್ಲಿ ಜನಸಾಮಾನ್ಯರಿಗಾಗಿ ಇರುವುದು ಹಾರ್ಟ್‌ಸೇವರ್. ಬಿಎಲ್‌ಎಸ್ ಎಂದು ಕರೆಯುವುದು ಡಾಕ್ಟರ್, ನರ್ಸ್‌ಗಳಿಗಾಗಿ ಮಾಡಿದ್ದು. ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಭಾರತದ ಅರಿವಳಿಕೆ ತಜ್ಞರು ಸೇರಿ ರೂಪಿಸಿದ "ಕೋಲ್ಸ್" ಎಂಬ ತರಬೇತಿಯೂ ಇದೆ. ಇದರಲ್ಲಿ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದನ್ನು ಬಿಟ್ಟು, ಎದೆ ಒತ್ತುವುದನ್ನು ಮಾತ್ರ ಕಲಿಸುತ್ತಾರೆ. ಬೇಗ ಮುಗಿಯುತ್ತದೆ, ಯಾರು ಬೇಕಾದರೂ ಕಲಿಯಬಹುದು.

ಅವಧಿ ಒಂದೊಂದು ಕಡೆ ಒಂದೊಂದು ಥರ. ಸಿಪಿಆರ್ ಮಾತ್ರ ಆದರೆ ಅರ್ಧ ದಿನ ಸಾಕು. ಗಾಯ, ಮೂಳೆ ಮುರಿತ, ಸುಟ್ಟಗಾಯ, ಹಾವು ಕಡಿತ ಎಲ್ಲ ಸೇರಿದರೆ ಒಂದು ಪೂರ್ತಿ ದಿನ ಅಥವಾ ಎರಡು ದಿನ ಬೇಕು. ಸಮಯ ಹೊಂದಿಸಿಕೊಳ್ಳಲು ಆಗುವುದಾದರೆ ಎರಡು ದಿನದ್ದಕ್ಕೇ ಹೋಗಿ. ಮೊದಲ ದಿನ ಕಲಿತದ್ದನ್ನು ಎರಡನೇ ದಿನ ಮತ್ತೆ ಮಾಡುವಾಗ ಎಷ್ಟು ಮರೆತಿದ್ದೇವೆ ಎನ್ನುವುದು ಗೊತ್ತಾಗುತ್ತದೆ, ಅಲ್ಲೇ ಸರಿಯೂ ಆಗುತ್ತದೆ. ಪೂರ್ತಿ ಆನ್‌ಲೈನ್‌ನಲ್ಲಿ ಮುಗಿದು ಕೊನೆಗೆ ಪಿಡಿಎಫ್ ಸರ್ಟಿಫಿಕೇಟ್ ಕೊಡುವ ಕೋರ್ಸ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಪಾಠ ಆನ್‌ಲೈನ್‌ನಲ್ಲಿ, ಅಭ್ಯಾಸ ಎದುರಿಗೆ ಎನ್ನುವುದಾದರೆ ತೊಂದರೆ ಇಲ್ಲ.

ಹಣ ಕಟ್ಟುವ ಮೊದಲು ಫೋನ್ ಮಾಡಿ ಇಷ್ಟು ಕೇಳಿ:

- ಎಷ್ಟು ಜನರಿಗೆ ಒಂದು ಬೊಂಬೆ? ಮೂರ್ನಾಲ್ಕು ಜನಕ್ಕೆ ಒಂದಿದ್ದರೆ ಒಳ್ಳೆಯದು. ಐವತ್ತು ಜನಕ್ಕೆ ಒಂದೇ ಬೊಂಬೆ ಅಂದರೆ ನೀವು ನೋಡಿ ಬರುತ್ತೀರಿ, ಮಾಡಿ ಬರುವುದಿಲ್ಲ.
- ಪಾಠ ಕನ್ನಡದಲ್ಲಿ ಇರುತ್ತದಾ? ಎಷ್ಟೋ ಕಡೆ ಸ್ಲೈಡ್‌ಗಳು ಇಂಗ್ಲಿಷ್‌ನಲ್ಲಿ, ವಿವರಣೆ ಕನ್ನಡದಲ್ಲಿ ಇರುತ್ತದೆ. ಅಮ್ಮನನ್ನೋ ಮನೆಗೆಲಸದವರನ್ನೋ ಕಳಿಸುವುದಾದರೆ ಇದನ್ನು ಮೊದಲೇ ಖಚಿತ ಮಾಡಿಕೊಳ್ಳಿ.
- ಮಕ್ಕಳಿಗೆ, ಎಳೆಗೂಸಿಗೆ ಮಾಡುವ ಸಿಪಿಆರ್ ಇದೆಯಾ? ಮನೆಯಲ್ಲಿ ಮಗು ಇದ್ದರೆ ಇದು ಬೇಕೇ ಬೇಕು.
- ಸರ್ಟಿಫಿಕೇಟ್ ಕೆಲಸಕ್ಕೆ ಬೇಕಾಗಿದ್ದರೆ, ನಿಮ್ಮ ಕಚೇರಿ ಅಥವಾ ಆರ್‌ಟಿಒ ಯಾವ ಸಂಸ್ಥೆಯದ್ದನ್ನು ಒಪ್ಪುತ್ತದೆ ಎಂದು ಅಲ್ಲೇ ಕೇಳಿ. ತರಬೇತಿ ಕೊಡುವವರ ಮಾತಿನ ಮೇಲೆ ಮಾತ್ರ ನಿಲ್ಲಬೇಡಿ.

ಹೆಜ್ಜೆ 2: ಹೊರಡುವ ಮೊದಲು

ಬಟ್ಟೆಯ ವಿಷಯ ಚಿಕ್ಕದು ಅನಿಸುತ್ತದೆ, ಆದರೆ ಇಡೀ ದಿನವನ್ನು ಅದೇ ನಿರ್ಧರಿಸುತ್ತದೆ. ನೆಲದ ಮೇಲೆ ಮಂಡಿಯೂರಿ ಮುಂದಕ್ಕೆ ಬಾಗುವ ಕೆಲಸ ಜಾಸ್ತಿ. ಪ್ಯಾಂಟ್ ಅಥವಾ ಚೂಡಿದಾರ್ ಸರಿ. ಸೀರೆಯೇ ಉಡುವವರು ಸೆರಗನ್ನು ಗಟ್ಟಿಯಾಗಿ ಪಿನ್ ಮಾಡಿಕೊಳ್ಳಿ. ಉದ್ದ ಕೂದಲು ಕಟ್ಟಿರಲಿ. ಉಂಗುರ, ಗಾಜಿನ ಬಳೆ ಮನೆಯಲ್ಲೇ ಇರಲಿ. ತಿಂಡಿ ತಿಂದು ಹೋಗಿ. ಬರೀ ಹೊಟ್ಟೆಯಲ್ಲಿ ಎರಡು ನಿಮಿಷ ಎದೆ ಒತ್ತಿದರೆ ನಿಮಗೇ ತಲೆ ಸುತ್ತಬಹುದು.

ಮಂಡಿ ನೋವು, ಬೆನ್ನು ನೋವು, ಗರ್ಭಿಣಿ, ಇತ್ತೀಚೆಗೆ ಆಪರೇಷನ್ ಆಗಿದೆ ಎನ್ನುವುದಿದ್ದರೆ ತರಬೇತುದಾರರಿಗೆ ಮೊದಲೇ ಹೇಳಿ. ಬೊಂಬೆಯನ್ನು ಮೇಜಿನ ಮೇಲೆ ಇಟ್ಟು ಕೊಡುತ್ತಾರೆ. ಮಂಡಿಗೆ ಹಾಕಿಕೊಳ್ಳಲು ಒಂದು ಟವೆಲ್ ಮಡಚಿ ಒಯ್ದರೂ ಆಯಿತು. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ಹೇಳಿಕೊಳ್ಳಬಹುದು. ಸಿಪಿಆರ್ ಪಾಠದ ಮಧ್ಯೆ ಕಣ್ಣೀರು ಬರುವವರು ಇರುತ್ತಾರೆ. ಎದ್ದು ಹೊರಗೆ ಹೋಗಿ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೆಜ್ಜೆ 3: ಮೊದಲ ಗಂಟೆ, ಮಾತಿನ ಪಾಠ

ಬೆಳಿಗ್ಗೆ ಹೆಚ್ಚಾಗಿ ಮಾತೇ ಇರುತ್ತದೆ. ಮೊದಲು ಕಲಿಸುವುದು ಓಡಿ ಹೋಗಬಾರದು ಎನ್ನುವುದನ್ನು. ಒಬ್ಬರು ಬಿದ್ದಿದ್ದಾರೆ, ಪಕ್ಕದಲ್ಲಿ ಕರೆಂಟ್ ವೈರ್ ಇದೆಯಾ? ಗಾಡಿಗಳು ಬರುತ್ತಿವೆಯಾ? ಗ್ಯಾಸ್ ವಾಸನೆ ಇದೆಯಾ? ಕರೆಂಟ್ ಹೊಡೆದವರನ್ನು ಮುಟ್ಟಲು ಹೋಗಿ ಬಿಡಿಸಲು ಬಂದವರೂ ಸಾಯುವುದನ್ನು ನಮ್ಮ ಹಳ್ಳಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಮೊದಲು ಮೇನ್ ಸ್ವಿಚ್, ಆಮೇಲೆ ಮನುಷ್ಯ. ಈ ಮಾತನ್ನು ಆ ದಿನ ಬೇರೆ ಬೇರೆ ರೀತಿಯಲ್ಲಿ ಹತ್ತಾರು ಸಲ ಕೇಳುತ್ತೀರಿ.

ಆಮೇಲೆ ಹೆಗಲು ತಟ್ಟಿ ಕರೆಯುವುದು, ಉಸಿರಾಟ ನೋಡುವುದು, 108ಕ್ಕೆ ಫೋನ್ ಮಾಡುವುದು. ಕರ್ನಾಟಕದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರಿಂದ ಇದೆ. 112ಕ್ಕೂ ಮಾಡಬಹುದು. ಫೋನ್ ಮಾಡುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. "ಬೇಗ ಬನ್ನಿ, ಬೇಗ ಬನ್ನಿ" ಎಂದು ಕೂಗಿ ಫೋನ್ ಇಟ್ಟುಬಿಡುವವರೇ ಜಾಸ್ತಿ. ಜಾಗ, ಹತ್ತಿರದ ಗುರುತು, ಎಷ್ಟು ಜನಕ್ಕೆ ಏನಾಗಿದೆ, ಪ್ರಜ್ಞೆ ಇದೆಯಾ, ಉಸಿರು ಇದೆಯಾ. ಇಷ್ಟು ಹೇಳಬೇಕು. ಆ ಕಡೆಯವರು ಇಡುವವರೆಗೆ ನೀವು ಫೋನ್ ಇಡಬಾರದು. ಸುತ್ತ ಜನ ಸೇರಿದ್ದರೆ "ಯಾರಾದರೂ ಫೋನ್ ಮಾಡಿ" ಎನ್ನದೆ, "ನೀಲಿ ಶರ್ಟ್ ಹಾಕಿರುವವರೇ, ನೀವು 108ಕ್ಕೆ ಮಾಡಿ" ಎಂದು ಒಬ್ಬರಿಗೇ ಬೆರಳು ತೋರಿಸಿ ಹೇಳಬೇಕು.

ಇದೇ ಹೊತ್ತಿನಲ್ಲಿ "ಪೊಲೀಸ್ ಕೇಸ್ ಆದರೆ?" ಎಂಬ ಪ್ರಶ್ನೆ ಬರುತ್ತದೆ. ಬರದಿದ್ದರೆ ನೀವೇ ಕೇಳಿ. ಅಪಘಾತದಲ್ಲಿ ಬಿದ್ದವರನ್ನು ಮುಟ್ಟಲು ನಮ್ಮ ಜನ ಹೆದರುವುದು ಇದೇ ಕಾರಣಕ್ಕೆ. ನೆರವಿಗೆ ಬರುವವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಹೊಸ ಸೆಕ್ಷನ್ ಸೇರಿತು. ಕರ್ನಾಟಕಕ್ಕೆ ಇದಕ್ಕಾಗಿಯೇ 2016ರ ಬೇರೆ ಕಾಯ್ದೆ ಇದೆ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವು ಕೊಟ್ಟವರ ಮೇಲೆ ಕೇಸ್ ಹಾಕುವಂತಿಲ್ಲ. ಹೆಸರು, ಫೋನ್ ನಂಬರ್ ಕೊಡಲೇಬೇಕು ಎಂದು ಒತ್ತಾಯಿಸುವಂತಿಲ್ಲ. ಆಸ್ಪತ್ರೆಗೆ ಸೇರಿಸಿ ಹೊರಟುಬಿಡಬಹುದು. ಇದು ಗೊತ್ತಿರುವ ಒಬ್ಬರು ಗುಂಪಿನಲ್ಲಿ ಇದ್ದರೂ ಸಾಕು, ಉಳಿದವರು ಕೈ ಹಾಕುತ್ತಾರೆ.

ಹೆಜ್ಜೆ 4: ಬೊಂಬೆಯ ಮುಂದೆ ಮಂಡಿಯೂರಿ

ತರಬೇತಿಯ ತಿರುಳು ಇಲ್ಲಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮಲ್ಲಿ ಹೃದಯದ ಬಗ್ಗೆ ಮಾತು ಹೆಚ್ಚಾಯಿತು. ಆದರೆ ಸಿಪಿಆರ್ ಬಗ್ಗೆ ಕೇಳಿರುವುದಕ್ಕೂ ಮಾಡಿ ನೋಡಿರುವುದಕ್ಕೂ ತುಂಬಾ ಅಂತರ ಇದೆ.

ಈ ಬೊಂಬೆಗೂ ಒಂದು ಕಥೆ ಇದೆ, ಕೆಲವು ತರಬೇತುದಾರರು ಹೇಳುತ್ತಾರೆ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಇದನ್ನು ಮಾಡಿದರು. ಪ್ಯಾರಿಸ್‌ನ ಸೇನ್ ನದಿಯಲ್ಲಿ ಮುಳುಗಿ ಸತ್ತಳು ಎನ್ನಲಾದ, ಹೆಸರೇ ಗೊತ್ತಿಲ್ಲದ ಹುಡುಗಿಯೊಬ್ಬಳ ಮುಖದ ಅಚ್ಚನ್ನು ಅದಕ್ಕೆ ಕೊಟ್ಟರು. ಈಗಿನ ಬೊಂಬೆಗಳಲ್ಲಿ ಬೇರೆ ಬೇರೆ ಮುಖಗಳಿವೆ.

ಮೊದಲ ಸಲ ಒತ್ತಿದಾಗ ಎಲ್ಲರಿಗೂ ಆಗುವುದು ಒಂದೇ ಆಶ್ಚರ್ಯ: ಇಷ್ಟು ಜೋರಾಗಿ ಒತ್ತಬೇಕಾ? ಹೌದು. ದೊಡ್ಡವರಿಗೆ ಎದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ. ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ಹೆಗಲು ಕೈಯ ನೇರ ಮೇಲೆ ಇರಬೇಕು. ಆಗ ತೋಳಿನ ಬಲ ಬೇಡ, ಮೈ ಭಾರವೇ ಕೆಲಸ ಮಾಡುತ್ತದೆ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಹೊಸಬರು ತಪ್ಪುವುದು ಇಲ್ಲೇ. ಸುಸ್ತಾದಾಗ ಎದೆಯ ಮೇಲೇ ಒರಗಿಬಿಡುತ್ತಾರೆ. ಎದೆ ಮೇಲೆ ಬಂದಾಗಲೇ ಹೃದಯಕ್ಕೆ ರಕ್ತ ತುಂಬುವುದು. ಬರದಿದ್ದರೆ ಮುಂದಿನ ಸಲ ಒತ್ತಿದ್ದು ಅಷ್ಟಕ್ಕಷ್ಟೆ. ಹಲವು ಬೊಂಬೆಗಳು ಸರಿಯಾಗಿ ಒತ್ತಿದಾಗ "ಟಿಕ್" ಎನ್ನುತ್ತವೆ, ಇಲ್ಲವೇ ಹಸಿರು ದೀಪ ಹತ್ತುತ್ತದೆ. ಆ ಸದ್ದು ಬರುವ ಒತ್ತಡ ಎಷ್ಟು ಎಂದು ಕೈಗೆ ಗೊತ್ತಾಗುವವರೆಗೆ ಮಾಡಿ.

ಎಣಿಸುವಾಗ ಬಾಯಿಬಿಟ್ಟು ಎಣಿಸಬೇಕು. ಇಲ್ಲೊಂದು ಉಪಾಯ ಹೇಳುತ್ತೇನೆ. ಕನ್ನಡದಲ್ಲಿ ಒಂದರಿಂದ ಮೂವತ್ತರವರೆಗೆ ಎಣಿಸಿದರೆ "ಇಪ್ಪತ್ತೇಳು, ಇಪ್ಪತ್ತೆಂಟು" ಬರುವ ಹೊತ್ತಿಗೆ ಲಯ ನಿಧಾನ ಆಗಿಬಿಡುತ್ತದೆ. ಅದರ ಬದಲು ಒಂದರಿಂದ ಹತ್ತನ್ನು ಮೂರು ಸಲ ಹೇಳಿ. ಮೂವತ್ತಾಯಿತು. ಆಮೇಲೆ ಎರಡು ಉಸಿರು, ಮತ್ತೆ ಮೂವತ್ತು. ಬೊಂಬೆಯ ಬಾಯಿಗೆ ಊದುವಾಗ ಅದನ್ನು ಒರೆಸಿ ಕೊಡುತ್ತಾರೆ, ಕೆಲವು ಕಡೆ ತೆಳು ಹಾಳೆಯ ತಡೆ ಇರುತ್ತದೆ. ಒರೆಸದೆ ಕೊಟ್ಟರೆ ಕೇಳಿ ಒರೆಸಿಸಿಕೊಳ್ಳಿ.

ಗೊತ್ತಿಲ್ಲದವರ ಬಾಯಿಗೆ ಬಾಯಿ ಇಡಲು ಮನಸ್ಸು ಬಾರದಿದ್ದರೆ ಎದೆ ಒತ್ತುವುದನ್ನು ಮಾತ್ರ ಮಾಡಿದರೂ ಪ್ರಯೋಜನ ಇದೆ ಎಂದು ತರಬೇತುದಾರರು ಹೇಳುತ್ತಾರೆ. ಹಠಾತ್ತನೆ ಕುಸಿದು ಬಿದ್ದ ದೊಡ್ಡವರಿಗೆ ಇದು ನಿಜ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಮಾತ್ರ ಉಸಿರು ಕೊಡುವುದು ಮುಖ್ಯ. ಅವರ ಹೃದಯ ನಿಲ್ಲುವುದು ಹೆಚ್ಚಾಗಿ ಉಸಿರು ಕಟ್ಟಿದ್ದರಿಂದ.

ಎರಡು ನಿಮಿಷ ಒತ್ತಿದ ಮೇಲೆ ತೋಳು ಸೋಲುತ್ತದೆ, ಬೆವರು ಇಳಿಯುತ್ತದೆ. ಗಟ್ಟಿಮುಟ್ಟಾದ ಹುಡುಗರಿಗೂ ಅಷ್ಟೇ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಆ ಬದಲಾವಣೆಯನ್ನೂ ಜೋಡಿಯಾಗಿ ಅಭ್ಯಾಸ ಮಾಡಿಸುತ್ತಾರೆ. ನಿಮ್ಮ ಸರದಿ ಮುಗಿದ ಮೇಲೆ ಮೊಬೈಲ್ ಹಿಡಿದು ಕೂರಬೇಡಿ. ಪಕ್ಕದವರು ಮಾಡುವಾಗ ಮೊಣಕೈ ಮಡಚುತ್ತಿದೆಯಾ, ವೇಗ ಇಳಿಯಿತಾ ನೋಡಿ ಹೇಳಿ. ಹೇಳುತ್ತಾ ಹೇಳುತ್ತಾ ನಿಮಗೂ ಗಟ್ಟಿಯಾಗುತ್ತದೆ.

ಇಲ್ಲಿ ಮೂರು ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತವೆ. ಪಕ್ಕೆಲುಬು ಮುರಿದರೆ? ಮುರಿಯಬಹುದು, ವಯಸ್ಸಾದವರಲ್ಲಿ ಇನ್ನೂ ಬೇಗ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ನಿಂತ ಹೃದಯ ತಾನಾಗಿ ಹೊಡೆದುಕೊಳ್ಳುವುದಿಲ್ಲ. ಹೆಂಗಸರಿಗೆ ಮಾಡಬಹುದಾ? ಮಾಡಲೇಬೇಕು, ಅದೇ ಜಾಗ, ಅದೇ ಒತ್ತಡ. ಸುತ್ತ ಇರುವ ಹೆಂಗಸರನ್ನು ಸೀರೆಯೋ ದುಪ್ಪಟ್ಟವೋ ಹಿಡಿದು ಮರೆ ಮಾಡಲು ಹೇಳಿ, ನೀವು ಕೆಲಸ ನಿಲ್ಲಿಸಬೇಡಿ. ಮರೆಗಾಗಿ ಕಾಯುತ್ತಾ ಕಳೆದ ನಿಮಿಷಗಳು ತಿರುಗಿ ಬರುವುದಿಲ್ಲ. ಮೂರನೆಯದು, ಉಸಿರಾಡುತ್ತಿದ್ದಾರೋ ಇಲ್ಲವೋ ಅನುಮಾನ ಬಂದರೆ? ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದು ಎಳೆಯುವುದು ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಹಾಗಾಗುತ್ತದೆ. "ಇನ್ನೂ ಉಸಿರು ಇದೆ" ಎಂದು ಜನ ಮೋಸ ಹೋಗುವುದು ಇದರಿಂದಲೇ. ತರಬೇತುದಾರರು ಇದರ ವಿಡಿಯೊ ತೋರಿಸದಿದ್ದರೆ ತೋರಿಸಿ ಎಂದು ಕೇಳಿ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಎಷ್ಟು ಸರಿಯಾಗಿ ಮಾಡಿದರೂ ಎಲ್ಲರೂ ಬದುಕುವುದಿಲ್ಲ ಎನ್ನುವುದನ್ನೂ ಒಳ್ಳೆಯ ತರಬೇತುದಾರರು ಮುಚ್ಚಿಡದೆ ಹೇಳುತ್ತಾರೆ. ಸಿಪಿಆರ್ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ನೀವು ಮಾಡುವುದು ಆ ಇಳಿತವನ್ನು ನಿಧಾನ ಮಾಡುವ ಕೆಲಸ.

ಹೆಜ್ಜೆ 5: ಎಇಡಿ ಪೆಟ್ಟಿಗೆ

ಬೆಂಗಳೂರು ವಿಮಾನ ನಿಲ್ದಾಣದಂಥ ಕಡೆ ಗೋಡೆಗೆ ತೂಗುಹಾಕಿದ, ಹೃದಯದ ಚಿತ್ರ ಇರುವ ಪೆಟ್ಟಿಗೆ ನೋಡಿರುತ್ತೀರಿ. ಅದೇ ಎಇಡಿ, ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಟ್ಟು ಸರಿದಾರಿಗೆ ತರುವ ಯಂತ್ರ. ಮುಟ್ಟಲು ಎಲ್ಲರಿಗೂ ಭಯ. ತರಬೇತಿಯಲ್ಲಿ ಶಾಕ್ ಕೊಡದ ಅಣಕು ಯಂತ್ರ ಕೊಡುತ್ತಾರೆ. ಆನ್ ಮಾಡಿದರೆ ಅದೇ ಮಾತಾಡುತ್ತದೆ, ಪ್ಯಾಡ್ ಎಲ್ಲಿ ಅಂಟಿಸಬೇಕು ಎಂದು ಚಿತ್ರ ಇರುತ್ತದೆ. ಹೃದಯದ ಬಡಿತವನ್ನು ಅದೇ ನೋಡುತ್ತದೆ. ಶಾಕ್ ಬೇಕಿಲ್ಲದವರಿಗೆ ನೀವು ಗುಂಡಿ ಒತ್ತಿದರೂ ಕೊಡುವುದಿಲ್ಲ. ನೆನಪಿಡಬೇಕಾದದ್ದು ಸ್ವಲ್ಪ: ಎದೆ ಒದ್ದೆ ಇದ್ದರೆ ಒರೆಸಿ, ತಾಳಿ ಸರ ಪ್ಯಾಡ್‌ನ ಕೆಳಗೆ ಬಾರದಂತೆ ಪಕ್ಕಕ್ಕೆ ಸರಿಸಿ, ಶಾಕ್ ಹೊತ್ತಿನಲ್ಲಿ ಯಾರೂ ಮುಟ್ಟದಂತೆ ನೋಡಿಕೊಳ್ಳಿ, ಆದ ತಕ್ಷಣ ಮತ್ತೆ ಎದೆ ಒತ್ತಿ.

ಹೆಜ್ಜೆ 6: ಗಂಟಲಿಗೆ ಸಿಕ್ಕಿಕೊಂಡಾಗ

ಕಡಲೆಬೀಜ, ಹುಣಸೆಬೀಜ, ನಾಣ್ಯ. ಮಕ್ಕಳಿರುವ ಮನೆಯವರಿಗೆ ಈ ಭಯ ಗೊತ್ತು. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮು, ಮಾತು ಎರಡೂ ನಿಂತರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ, ಎರಡು ಹೆಗಲ ಮೂಳೆಗಳ ನಡುವೆ ಐದು ಏಟು. ಬರಲಿಲ್ಲ ಅಂದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲಿನ ಜಾಗದಲ್ಲಿ ಐದು ಸಲ ಒಳಕ್ಕೆ ಮೇಲಕ್ಕೆ ಎಳೆತ. ಬೆನ್ನಿಗೆ ಹೊಡೆಯುವುದನ್ನು ಜೊತೆಗಾರರ ಮೇಲೆ ಮೆತ್ತಗೆ ತೋರಿಸುತ್ತಾರೆ. ಹೊಟ್ಟೆ ಎಳೆತವನ್ನು ಮಾತ್ರ ನಿಜವಾದ ಮನುಷ್ಯರ ಮೇಲೆ ಬಲ ಹಾಕಿ ಮಾಡಬಾರದು, ಕೈ ಇಡುವ ಜಾಗ ಕಲಿತರೆ ಸಾಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ಮೇಲೆ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಎಳೆತ ಇಲ್ಲವೇ ಇಲ್ಲ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಇರುವಂತೆ ಹಿಡಿದು ಬೆನ್ನಿಗೆ ಐದು, ಆಮೇಲೆ ಅಂಗಾತ ತಿರುಗಿಸಿ ಎದೆಗೆ ಐದು. ಪುಟ್ಟ ಬೊಂಬೆ ಕೊಟ್ಟಾಗ ತಲೆ ಹಿಡಿಯುವ ರೀತಿಯನ್ನು ಬೇಕೆಂದೇ ಎರಡು ಸಲ ಜಾಸ್ತಿ ಮಾಡಿ. ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬಾರದು, ಅದು ಇನ್ನೂ ಒಳಗೆ ಹೋಗುತ್ತದೆ.

ಹೆಜ್ಜೆ 7: ಮನೆಯಲ್ಲಿ ಕಲಿತದ್ದನ್ನು ಬಿಡುವುದು

ಮಧ್ಯಾಹ್ನದ ಪಾಠದಲ್ಲಿ ವಾದ ಆಗುವುದು ಸಹಜ. ನಮ್ಮ ಅಜ್ಜಿ ಹೀಗೆ ಮಾಡುತ್ತಿದ್ದರು ಎಂದು ಒಬ್ಬರು, ನಮ್ಮೂರಲ್ಲಿ ವಾಸಿಯಾಗಿದೆ ಎಂದು ಇನ್ನೊಬ್ಬರು. ಈ ವಾದ ಆಗಲಿ, ಒಳ್ಳೆಯದೇ. ಇಲ್ಲಿ ಬಾಯಿ ಮುಚ್ಚಿ ಕೂತವರು ಮನೆಗೆ ಹೋಗಿ ಹಳೆಯದನ್ನೇ ಮಾಡುತ್ತಾರೆ.

ಸುಟ್ಟಗಾಯಕ್ಕೆ ನಮ್ಮಲ್ಲಿ ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ, ದೋಸೆ ಹಿಟ್ಟು ಎಲ್ಲ ಹಚ್ಚುತ್ತಾರೆ. ಯಾವುದೂ ಬೇಡ, ಐಸ್ ಕೂಡ ಬೇಡ. ನಲ್ಲಿ ನೀರು ಸಣ್ಣಗೆ ಬಿಟ್ಟು 20 ನಿಮಿಷ ಹಿಡಿಯಬೇಕು. 20 ನಿಮಿಷ ಎಷ್ಟು ದೀರ್ಘ ಎಂದು ಗಡಿಯಾರ ನೋಡಿದಾಗ ಗೊತ್ತಾಗುತ್ತದೆ, ಹೆಚ್ಚಿನವರು ಎರಡು ನಿಮಿಷಕ್ಕೇ ಕೈ ತೆಗೆಯುತ್ತಾರೆ. ಊದುವ ಮೊದಲೇ ಬಳೆ, ಉಂಗುರ ಬಿಚ್ಚಬೇಕು. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬಾರದು, ಗುಳ್ಳೆ ಒಡೆಯಬಾರದು.

ಫಿಟ್ಸ್ ಬಂದವರ ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ. ಬಸ್ ನಿಲ್ದಾಣದಲ್ಲಿ ಈ ದೃಶ್ಯ ನೋಡದವರು ಕಡಿಮೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಶ್ರೇಯಸ್ಸು ಬೀಗದ ಕೈಗೆ ಹೋಗುತ್ತದೆ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ ಅಥವಾ ಮೊದಲ ಸಲ ಬಂದಿದ್ದರೆ 108.

ಹಾವು ಕಡಿತದ ಪಾಠವನ್ನು ನಗರದವರೂ ಗಮನ ಕೊಟ್ಟು ಕೇಳಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಕೊಡುವ ಔಷಧ ಒಂದೇ. ಹಾಗಾಗಿ ಹಾವನ್ನು ಹೊಡೆದು ಆಸ್ಪತ್ರೆಗೆ ತರುವ ಅಗತ್ಯ ಇಲ್ಲ. ಹಗ್ಗದಿಂದ ಬಿಗಿಯಬಾರದು, ಬ್ಲೇಡ್‌ನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು. ಬಿಗಿದರೆ ರಕ್ತ ನಿಂತು ಕಾಲೇ ಹೋಗಬಹುದು. ಕಡಿಸಿಕೊಂಡವರನ್ನು ನಡೆಸದೆ, ಆ ಕೈ ಅಥವಾ ಕಾಲು ಅಲುಗದಂತೆ ಪಟ್ಟಿ ಕಟ್ಟಿ, ಕಾಲುಂಗುರ, ಗೆಜ್ಜೆ ಬಿಚ್ಚಿ, ಔಷಧ ಇರುವ ಆಸ್ಪತ್ರೆಗೆ ಸೇರಿಸಬೇಕು. ಮಂತ್ರ ಹಾಕಿಸಲು ಕಳೆದ ಒಂದು ಗಂಟೆ ಜೀವಕ್ಕೇ ಕುತ್ತು. ಕಟ್ಟುಹಾವಿನದ್ದು ಇನ್ನೊಂದು ಕಷ್ಟ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿದರೆ ನೋವೂ ಆಗದಿರಬಹುದು, ಗುರುತೂ ಕಾಣದಿರಬಹುದು. ಬೆಳಿಗ್ಗೆ ಹೊಟ್ಟೆ ನೋವು, ರೆಪ್ಪೆ ಜೋತು ಬೀಳುವುದು ಶುರುವಾಗುತ್ತದೆ.

ಕೆರೆ, ಕೃಷಿ ಹೊಂಡಗಳಲ್ಲಿ ಮುಳುಗಿದ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆ ಎಂಬ ವಾಟ್ಸ್ಆ್ಯಪ್ ಸುದ್ದಿಯನ್ನು ನಂಬಿ ನಮ್ಮದೇ ರಾಜ್ಯದಲ್ಲಿ ಹೆತ್ತವರು ಹಾಗೆ ಮಾಡಿದ್ದಾರೆ. ಆ ಸಂಕಟಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಇದು ಸುಳ್ಳು, ಕೇಳಿದ ಕಡೆಯಲ್ಲೆಲ್ಲ ಸುಳ್ಳು ಎಂದು ಹೇಳಬೇಕು. ಹೊಟ್ಟೆ ಒತ್ತಿ ನೀರು ತೆಗೆಯುವುದೂ ಬೇಡ. ಉಸಿರು ಇಲ್ಲದಿದ್ದರೆ ಮೊದಲು ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು. ಈಜು ಬಾರದವರು ನೀರಿಗೆ ಇಳಿಯಬಾರದು. ಹಗ್ಗ, ಉದ್ದ ಕೋಲು, ಕಟ್ಟಿದ ಸೀರೆ, ಖಾಲಿ ಕ್ಯಾನ್, ಏನಾದರೂ ಎಸೆಯಬೇಕು.

ಉಳಿದವು ಬೇಗ ಬೇಗ ಸಾಗುತ್ತವೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ, ಮೂಗಿನ ಮೆತ್ತಗಿನ ಭಾಗ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಬಾಟಲಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು. ಎದೆ ನೋವು ಬಂದವರನ್ನು ಮೆಟ್ಟಿಲು ಇಳಿಸಿ ನಡೆಸಬಾರದು. ನಗಲು ಹೇಳಿದಾಗ ಬಾಯಿ ಸೊಟ್ಟಗಾದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸುವ ಔಷಧ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಹಾಗಾಗಿ ಶುರುವಾದ ಸಮಯ ಬರೆದುಕೊಳ್ಳಿ.

ಹೆಜ್ಜೆ 8: ಬ್ಯಾಂಡೇಜ್

ರಕ್ತ ಸುರಿಯುವ ಗಾಯವನ್ನು ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುವುದು ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಆಗಾಗ ಎತ್ತಿ ನೋಡಬಾರದು. ಆಮೇಲೆ ಮೂರು ಮೂಲೆ ಬಟ್ಟೆಯಿಂದ ಜೋಳಿಗೆ, ತಲೆಪಟ್ಟಿ, ಮುರಿದ ಕಾಲಿಗೆ ಪಟ್ಟಿ. ಒಂದು ಮೀಟರ್ ಚೌಕದ ಕಾಟನ್ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಇಂಥವು ಎರಡು ಸಿಗುತ್ತವೆ. ಕಟ್ಟಿದ ಮೇಲೆ ಬೆರಳ ತುದಿ ನೀಲಿಯಾಗಿದೆಯಾ, ತಣ್ಣಗಾಗಿದೆಯಾ ನೋಡಲು ಮರೆಯಬೇಡಿ, ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಾರೆ. ಗಂಟಿನ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 9: ಪರೀಕ್ಷೆ

ಇರುತ್ತದೆ, ಹೆದರಬೇಡಿ. ಕೆಲವು ಆಯ್ಕೆ ಪ್ರಶ್ನೆಗಳು, ಒಂದೆರಡು ಮೌಖಿಕ ಪ್ರಶ್ನೆ, ಆಮೇಲೆ ಒಂದು ಸನ್ನಿವೇಶ ಕೊಟ್ಟು ಮಾಡಿ ತೋರಿಸಿ ಎನ್ನುತ್ತಾರೆ. ಮಾಡುವಾಗ ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತಾ ಹೋಗಿ: "ಜಾಗ ಸುರಕ್ಷಿತ ಇದೆ, ಹೆಗಲು ತಟ್ಟುತ್ತಿದ್ದೇನೆ, ಉಸಿರು ನೋಡುತ್ತಿದ್ದೇನೆ." ತಪ್ಪಾದರೆ ಅಲ್ಲೇ ತಿದ್ದಿ ಮತ್ತೆ ಮಾಡಿಸುತ್ತಾರೆ.

ಹೆಜ್ಜೆ 10: ಮನೆಗೆ ಬಂದ ಮೇಲೆ

ಮರುದಿನ ತೋಳು, ತೊಡೆ ನೋಯುತ್ತವೆ. ನೋಯಲಿಲ್ಲ ಅಂದರೆ ಒತ್ತಿದ್ದು ಸಾಲದು ಎಂದು ಅನುಮಾನ ಪಡಿ.

ಮೊದಲ ವಾರದಲ್ಲೇ ಮೂರು ಕೆಲಸ ಮುಗಿಸಿ. ಮನೆಯ ಪ್ರಥಮ ಚಿಕಿತ್ಸೆ ಡಬ್ಬಿ ತೆಗೆದು, ಅವಧಿ ಮುಗಿದ ಮುಲಾಮುಗಳನ್ನು ಎಸೆದು, ಗಾಜ್ ಬಟ್ಟೆ, ರೋಲರ್ ಬ್ಯಾಂಡೇಜ್, ಮೂರು ಮೂಲೆ ಬಟ್ಟೆ, ಅಂಟುಪಟ್ಟಿ, ಕತ್ತರಿ, ಕೈಗವಸು ತುಂಬಿ. ಎರಡನೆಯದು, ಹಾವು ಕಡಿತದ ಔಷಧ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ, ರಾತ್ರಿಯೂ ಸಿಗುತ್ತದಾ ಎಂದು ವಿಚಾರಿಸಿ. ಹಾಗೆಯೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಕೇಳಿ, ಅಲ್ಲಿ ಎದೆ ನೋವಿಗೆ ಇಸಿಜಿಯೂ ತುರ್ತು ಇಂಜೆಕ್ಷನ್ನೂ ಉಚಿತ. ಮೂರನೆಯದು, ಕಲಿತದ್ದನ್ನು ಮನೆಯ ಒಬ್ಬರಿಗೆ ಹೇಳಿಕೊಡಿ. ಎದೆ ಒತ್ತುವುದನ್ನು ಮಾತ್ರ ಆರೋಗ್ಯವಾಗಿರುವ ಮನುಷ್ಯರ ಮೇಲೆ ಎಂದೂ ಮಾಡಿ ತೋರಿಸಬೇಡಿ. ಗಟ್ಟಿ ದಿಂಬು ಸಾಕು, ಲಯ ನೆನಪಿನಲ್ಲಿ ಉಳಿಯುತ್ತದೆ.

ಸರ್ಟಿಫಿಕೇಟ್‌ಗೆ ಅವಧಿ ಇರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನದ್ದು ಎರಡು ವರ್ಷ, ಬೇರೆಯವರದ್ದು ಅದರ ಮೇಲೇ ಬರೆದಿರುತ್ತದೆ. ಕೈ ಅದಕ್ಕಿಂತ ಮೊದಲೇ ಮರೆಯುತ್ತದೆ, ಕೆಲವೇ ತಿಂಗಳಲ್ಲಿ ಆಳವೂ ಲಯವೂ ತಪ್ಪತೊಡಗುತ್ತವೆ. ಆದ್ದರಿಂದ ಹೊರಡುವ ಮುಂಚೆ ತರಬೇತುದಾರರನ್ನು ಕೇಳಿಡಿ: ಮುಂದಿನ ಬ್ಯಾಚಿಗೆ ಬಂದು ಬೊಂಬೆಯ ಮೇಲೆ ಅರ್ಧ ಗಂಟೆ ಅಭ್ಯಾಸ ಮಾಡಲು ಬಿಡುತ್ತೀರಾ? ಸೆಪ್ಟೆಂಬರ್‌ನ ಎರಡನೇ ಶನಿವಾರ ವಿಶ್ವ ಪ್ರಥಮ ಚಿಕಿತ್ಸಾ ದಿನ. ಆ ಸುಮಾರಿಗೆ ನಿಮ್ಮ ಜಿಲ್ಲೆಯ ರೆಡ್ ಕ್ರಾಸ್ ಶಾಖೆಯಲ್ಲಿ ಶಿಬಿರ ಇದೆಯಾ ವಿಚಾರಿಸಿ, ಇದ್ದರೆ ಅಕ್ಕಪಕ್ಕದ ಮನೆಯ ಒಬ್ಬರನ್ನಾದರೂ ಕರೆದುಕೊಂಡು ಹೋಗಿ. ಸಿಪಿಆರ್‌ಗೆ ಎರಡು ನಿಮಿಷಕ್ಕೊಮ್ಮೆ ಬದಲಾಗಲು ಇನ್ನೊಬ್ಬರು ಬೇಕೇ ಬೇಕು.